ಜನರೇಟರ್ ಮೇಲಿದ್ದರೆ ಸಾಲದು
ಆಸ್ಪತ್ರೆಗಳಲ್ಲಿ ಮಳೆಗಾಲದ ತಯಾರಿಗೆ ಹೋದಾಗ ನಾವು ಮೊದಲು ನೋಡುವುದು ಜನರೇಟರನ್ನಲ್ಲ, ಅದಕ್ಕೆ ಡೀಸೆಲ್ ಏರಿಸುವ ಪಂಪನ್ನು. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಭದ್ರವಾಗಿದ್ದವು. ಡೀಸೆಲ್ ಪಂಪ್‌ಗಳು ಬೇಸ್‌ಮೆಂಟಿನಲ್ಲಿ ಮುಳುಗಿದವು. ಜನ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಡೀಸೆಲನ್ನು ಕೈಯಿಂದ ಕೈಗೆ ದಾಟಿಸಬೇಕಾಯಿತು.

ರಾಜಕಾಲುವೆ ಪಕ್ಕದ ಒಂದು ಆಸ್ಪತ್ರೆಯಲ್ಲಿ ಪಂಪ್ ಮೇಲಕ್ಕೆ ಸಾಗಿಸಿದೆವು, 990 ಲೀಟರ್ ಟ್ಯಾಂಕಿಗೆ ಮಾತ್ರ ಮೇಲೆ ಜಾಗವಿರಲಿಲ್ಲ. ಖಾಲಿ ಟ್ಯಾಂಕ್ ಮುಳುಗಿದರೆ ನೀರು ಅದನ್ನು ಹೆಚ್ಚುಕಡಿಮೆ ಒಂದು ಟನ್ ಬಲದಿಂದ ಮೇಲೆತ್ತುತ್ತದೆ, ಪೈಪೂ ಕಿತ್ತು ಬರುತ್ತದೆ. ಹಾಗಾಗಿ ನಾಲ್ಕೂ ಕಾಲಿಗೆ ಆಂಕರ್ ಬೋಲ್ಟ್. ಟ್ಯಾಂಕಿಗೆ ಗಾಳಿಯಾಡಿಸುವ ವೆಂಟ್ ಪೈಪಿನ ಬಾಯಿ ಅಂಗಳದಿಂದ ಎರಡು ಮೀಟರ್ ಮೇಲೆ. ವೆಂಟ್ ಮುಳುಗಿದರೆ ನೀರು ಡೀಸೆಲಿನ ಅಡಿಗೆ ಇಳಿಯುತ್ತದೆ, ಪಂಪ್ ಮೊದಲು ಎಳೆಯುವುದೂ ಅದನ್ನೇ.

ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪಿನ ಬಾಯಿ 6 ಮೀಟರ್ ಅಗಲ. ಅಲ್ಲಿ 90 ಸೆಂಟಿಮೀಟರ್ ನೀರು ನಿಂತರೆ ತಡೆಯ ಮೇಲೆ ಬೀಳುವ ಬಲ ಸುಮಾರು 2.4 ಟನ್. ಅಲ್ಯೂಮಿನಿಯಂ ಹಲಗೆ, ರಬ್ಬರ್ ಗ್ಯಾಸ್ಕೆಟ್, ಜೊತೆಗೆ ನಡುವೆ ಕಳಚಿಡಬಹುದಾದ ಒಂದು ಕಂಬ ಹಾಕಿದೆವು. ಕೆಳಗಿನ ಚಾನೆಲಿನಲ್ಲಿ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೂ ಹಲಗೆ ಸರಿಯಾಗಿ ಕೂರುವುದಿಲ್ಲ.

ನಿಜವಾದ ಕಳ್ಳದಾರಿ ಕೇಬಲ್ ಪೈಪು. ಟ್ರಾನ್ಸ್‌ಫಾರ್ಮರ್ ಕಡೆಯಿಂದ ಬರುವ ಆರಿಂಚಿನ ಪೈಪುಗಳು ನೇರವಾಗಿ ಎಲ್‌ಟಿ ಪ್ಯಾನೆಲಿನ (ಕಟ್ಟಡಕ್ಕೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆ) ಬೆನ್ನಿಗೇ ಬಾಯಿ ತೆರೆಯುತ್ತವೆ. ಅವಕ್ಕೆ ಫೋಮ್ ತುಂಬಿ ಕೈತೊಳೆದುಕೊಂಡಿರುತ್ತಾರೆ. ಹೊರಗಿನ ಚೇಂಬರ್ ತುಂಬಿತೋ, ಫೋಮ್ ಬಿರಡೆಯಂತೆ ಹಾರುತ್ತದೆ. ಬೋಲ್ಟ್ ಬಿಗಿದಂತೆ ಹಿಗ್ಗಿ ಕೂರುವ ರಬ್ಬರ್ ಸೀಲ್ ಹಾಕಿಸಿ. ಕೇಬಲ್ ಇಲ್ಲದ ಸ್ಪೇರ್ ಪೈಪುಗಳಿಗೂ ಬೇಕು, ಎಲ್ಲರೂ ಮರೆಯುವುದು ಅವನ್ನೇ. ಆಮೇಲೆ ಚೇಂಬರಿಗೆ ಕಂಠಮಟ್ಟ ನೀರು ತುಂಬಿ ಒಂದು ದಿನ ಬಿಟ್ಟು, ಒಳಗೆ ಟಾರ್ಚ್ ಹಿಡಿದು ನೋಡಿ. ಗೋಡೆ ಒದ್ದೆಯಾಗಿದ್ದರೆ ಬಿಲ್ ಪಾಸ್ ಮಾಡಬೇಡಿ.

ಚರಂಡಿಯ ನೀರು ಹಿಂದಕ್ಕೆ ನುಗ್ಗದಂತೆ ನಾನ್-ರಿಟರ್ನ್ ವಾಲ್ವ್ ಇರುತ್ತದೆ. ಆಸ್ಪತ್ರೆಯಲ್ಲಿ ಅದರ ಶತ್ರು ಕೈಗವಸು: ಒಂದು ಸಿಕ್ಕಿಕೊಂಡರೂ ಫ್ಲ್ಯಾಪ್ ಪೂರ್ತಿ ಮುಚ್ಚುವುದಿಲ್ಲ. ಮಳೆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತೇವೆ. ಒಳಬಂದ ನೀರು ಸೇರುವ ಸಂಪಿನಲ್ಲಿ ಎರಡು ಪಂಪು, ಎರಡಕ್ಕೂ ನೀರೇರಿದಾಗ ಚಾಲೂ ಮಾಡುವ ಬೇರೆ ಬೇರೆ ಫ್ಲೋಟ್; ಸ್ಟಾರ್ಟರ್ ಪ್ಯಾನೆಲ್ ನೆಲಮಹಡಿಯಲ್ಲಿ, ಸಪ್ಲೈ ಜನರೇಟರ್ ಲೈನಿನಿಂದ.

ಇಷ್ಟಾದ ಮೇಲೂ ನೀರು ಪಂಪಿನ ಮೋಟರನ್ನೋ ಪ್ಯಾನೆಲನ್ನೋ ಮುಟ್ಟಿದರೆ, ಮೋಟರನ್ನು ಒಣಗಿಸಿ, ಮೆಗ್ಗರ್ (ವಿದ್ಯುತ್ ಸೋರಿಕೆ ಇದೆಯೇ ಎಂದು ಅಳೆಯುವ ಉಪಕರಣ) ಹಿಡಿದು ನೋಡಿ ಬಳಸಬಹುದು. ಒದ್ದೆಯಾದ ಬ್ರೇಕರನ್ನು ಮಾತ್ರ ಬಿಸಾಡಿ. ಒಣಗಿದ ಮೇಲೆ ಮೆಗ್ಗರ್ ಸರಿಯಾಗೇ ತೋರಿಸಬಹುದು. ಒಳಗಿನ ಸ್ಪ್ರಿಂಗಿಗೆ ಕೂತ ಕೆಸರು ಅದರಲ್ಲಿ ಕಾಣದು, ಶಾರ್ಟ್ ಆದ ದಿನ ಬ್ರೇಕರ್ ಟ್ರಿಪ್ ಆಗದೇ ಹೋಗಬಹುದು.