ಮೊದಲು ನಿನ್ನ ಹೆಸರು ಹೇಳು: ಮತದಾರರ ಪಟ್ಟಿ ಹಿಡಿದು ಓಣಿ ತಿರುಗಿದ ನನ್ನ ಅನುಭವ

2013ರ ಮೇ 5, ವಿಧಾನಸಭೆ ಚುನಾವಣೆಯ ದಿನ. ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು, ಮತದಾರರ ಪಟ್ಟಿ ಹರವಿಕೊಂಡು ಕುಳಿತಿದ್ದೆ. ಹನ್ನೊಂದರ ಹೊತ್ತಿಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಒಬ್ಬ ಹೆಣ್ಣುಮಗಳು ಬಂದಳು. ಅದೇ ಊರಿನ ಮಗಳು, ನಮ್ಮ ಶಾಲೆಯಲ್ಲೇ ಕಲಿತವಳು. ಗುರುತಿನ ಚೀಟಿ ಮುಂದೆ ಹಿಡಿದಳು. ಪಟ್ಟಿಯಲ್ಲಿ ಅವಳ ಭಾವಚಿತ್ರವಿತ್ತು, ಅದರ ಮೇಲೆ ಹೆಸರು ತೆಗೆದುಹಾಕಿದ ಅಡ್ಡ ಮುದ್ರೆಯೂ ಇತ್ತು. ತೆಗೆಸಿದವಳು ನಾನೇ.

ಬ್ಯಾಡಗಿ ತಾಲ್ಲೂಕಿನ ಆ ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಜೊತೆಗೆ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಅವಳ ಅಣ್ಣ ಕೆಲವು ತಿಂಗಳ ಹಿಂದೆ ಹೆಸರು ತೆಗೆಸುವ ಅರ್ಜಿಯಾದ ನಮೂನೆ 7 ಬರೆದುಕೊಟ್ಟು, ‘ತಂಗಿಯನ್ನು ಮದುವೆ ಮಾಡಿಕೊಟ್ಟೆವು, ಹೆಸರು ತೆಗೆಯಿರಿ’ ಎಂದಿದ್ದ. ಮದುವೆಯಾಗಿದ್ದು ನಿಜವೇ ಆಗಿತ್ತು. ಆದರೆ ಅವಳು ಆಗಲೇ ಗಂಡನ ಮನೆ ಬಿಟ್ಟು ಬಂದು, ಅದೇ ಅಣ್ಣನ ಮನೆಯ ಹಿತ್ತಲ ಕೋಣೆಯಲ್ಲಿ ಇದ್ದಳು. ನೋಟಿಸು ಹೋದದ್ದು ಆ ಮನೆಗೇ, ಸಹಿ ಹಾಕಿ ತೆಗೆದುಕೊಂಡವನು ಆ ಅಣ್ಣನೇ. ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ.

‘ಗಂಡನ ಊರಿನ ಪಟ್ಟಿಗೆ ನನ್ನನ್ನು ಯಾರೂ ಸೇರಿಸಲಿಲ್ಲ ಅಕ್ಕೋರೇ. ಇಲ್ಲಿಯದನ್ನು ಏಕೆ ತೆಗೆದಿರಿ?’

ಅವಳು ಜಗಳವಾಡಲಿಲ್ಲ. ಮಗುವಿನ ಮೂಗು ಒರೆಸಿ, ಚೀಟಿಯನ್ನು ಮಡಿಚಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಆ ಗಂಟು ಹಾಕುವ ಬೆರಳುಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಮರುವರ್ಷದ ಲೋಕಸಭೆ ಚುನಾವಣೆಗೆ ಮೊದಲೇ ಅವಳ ಹೆಸರನ್ನು ಮತ್ತೆ ಸೇರಿಸಿದೆ. ಆದರೆ 2013ರ ಮತ ಹೋದದ್ದು ಹೋಯಿತು.

ಬಿಎಲ್‌ಒ ಕೆಲಸವನ್ನು ಅಲ್ಲಿಯವರೆಗೆ ನಾನು ಬರವಣಿಗೆಯ ಕೆಲಸ ಎಂದುಕೊಂಡಿದ್ದೆ. ಸತ್ತವರ ಹೆಸರು ತೆಗೆಯುವುದು, ಹದಿನೆಂಟು ತುಂಬಿದವರನ್ನು ಸೇರಿಸುವುದು, ಊರು ಬಿಟ್ಟವರನ್ನೂ ಊರಿಗೆ ಬಂದವರನ್ನೂ ಸರಿಪಡಿಸುವುದು. ಆದರೆ ನಮ್ಮ ಕಡೆ ಊರು ಬಿಡುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಊರಿಗೆ ಬರುವವರು ಹೆಚ್ಚಾಗಿ ಸೊಸೆಯಂದಿರು. ಗಂಡಸಿನ ಹೆಸರು ಪಟ್ಟಿಗೆ ಒಮ್ಮೆ ಸೇರಿದರೆ ಸಾಮಾನ್ಯವಾಗಿ ಸಾಯುವವರೆಗೆ ಅಲ್ಲೇ ಇರುತ್ತದೆ. ಹೆಣ್ಣಿನ ಹೆಸರು ಒಂದು ಕಡೆ ಅಳಿದು ಇನ್ನೊಂದು ಕಡೆ ಮೂಡಬೇಕು. ಆ ನಡುವೆ ಜಾರಿ ಬೀಳುವವರು ಎಷ್ಟು ಜನ!

ಆ ಮುಂದಿನ ಜನವರಿ 25ರಂದು ಶಾಲೆಯಲ್ಲಿ ರಾಷ್ಟ್ರೀಯ ಮತದಾರರ ದಿನ. ಪ್ರತಿಜ್ಞೆ ಬೋಧಿಸಿ ಎರಡು ಮಾತಾಡುವುದು ನನ್ನ ಪಾಲಿಗೆ ಬಂದಿತ್ತು. ತಯಾರಿಗೆಂದು ಓದಲು ಕುಳಿತಾಗ ಮೊದಲ ಮಹಾಚುನಾವಣೆಯ ಒಂದು ಸಂಗತಿ ಕಣ್ಣಿಗೆ ಬಿತ್ತು. 1951-52ರಲ್ಲಿ ದೇಶದ ಮಹಿಳಾ ಮತದಾರರು ಸುಮಾರು 8 ಕೋಟಿ. ಅವರಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಕಾರಣ, ಅವರು ತಮ್ಮ ಹೆಸರನ್ನೇ ಹೇಳಿರಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ, ಇಂಥವನ ಮಗಳು ಎಂದಷ್ಟೇ ಬರೆಸಿದ್ದರು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಈಗಿನ ಮಧ್ಯ ಪ್ರದೇಶದ ಕಡೆ ಇದು ಹೆಚ್ಚು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಸ್ವಂತ ಹೆಸರು ಕೊಡದವರನ್ನು ಪಟ್ಟಿಯಲ್ಲಿ ಉಳಿಸಲು ಒಪ್ಪಲಿಲ್ಲ. ಬಿಹಾರಕ್ಕೆ ಹೆಚ್ಚುವರಿಯಾಗಿ ಒಂದು ತಿಂಗಳು ಕೊಟ್ಟರು. ಆದರೂ 28 ಲಕ್ಷ ಹೆಸರು ಹೊರಗೇ ಉಳಿಯಿತು.

ಓದಿದಾಗ ಮೊದಲು ಸಿಟ್ಟು ಬಂತು. ಮತ ಕೊಟ್ಟ ಕೈಯೇ ಕಿತ್ತುಕೊಂಡಿತಲ್ಲ ಎನ್ನಿಸಿತು. ಸ್ವಲ್ಪ ಹಿಂದಿನ ಇತಿಹಾಸ ಓದಿದ ಮೇಲೆ ಸೇನ್ ಅವರ ಹಟ ನನಗೆ ಅರ್ಥವಾಯಿತು.

1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಮಹಿಳೆಯರ ನಿಯೋಗವೊಂದು ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡಿತು. ಅದರ ಹಿಂದೆ ದುಡಿದವರು ಅಡ್ಯಾರಿನ ಮಹಿಳಾ ಭಾರತ ಸಂಘದ ಮಾರ್ಗರೆಟ್ ಕಸಿನ್ಸ್. ಗಂಡಸರಿಗೆ ಯಾವ ಷರತ್ತಿನ ಮೇಲೆ ಮತ ಕೊಡುತ್ತೀರೋ ಅದೇ ಷರತ್ತಿನ ಮೇಲೆ ನಮಗೂ ಕೊಡಿ ಎಂಬುದು ಅವರ ಬೇಡಿಕೆ. ಮತ ಯಾರಿಗೆ ಕೊಡಬೇಕೆಂದು ನೋಡಲು ನೇಮಿಸಿದ್ದ ಸೌತ್‌ಬರೋ ಸಮಿತಿ ಇನ್ನೂ ಕಾಲ ಬಂದಿಲ್ಲ ಎಂದಿತು. 1919ರಲ್ಲಿ ಮುಂಬಯಿಯ ಹೀರಾಬಾಯಿ ಟಾಟಾ ಮಗಳು ಮಿಠನ್‌ಳನ್ನು ಕರೆದುಕೊಂಡು ಹಡಗು ಹತ್ತಿ ಲಂಡನ್ನಿಗೇ ಹೋಗಿ ವಾದಿಸಿದರು. ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟು ತೀರ್ಮಾನವನ್ನು ಪ್ರಾಂತಗಳ ತಲೆಗೆ ಕಟ್ಟಿತು. 1921ರಲ್ಲಿ ಮದ್ರಾಸ್ ಒಪ್ಪಿತು, ಅದೇ ವರ್ಷ ಮುಂಬಯಿ ಒಪ್ಪಿತು, 1923ರಲ್ಲಿ ಮೈಸೂರು ಸಂಸ್ಥಾನ. ನಮ್ಮ ಹಾವೇರಿ, ಗದಗ, ಹುಬ್ಬಳ್ಳಿ ಎಲ್ಲವೂ ಆಗ ಧಾರವಾಡ ಜಿಲ್ಲೆ, ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಹೀಗಾಗಿ ಲೆಕ್ಕದಲ್ಲಿ ನಮ್ಮ ಕಡೆಯ ಹೆಂಗಸರಿಗೆ ಮತ ಬಂದದ್ದು 1921ರಲ್ಲಿ. ಆದರೆ ಮತಕ್ಕೆ ಆಸ್ತಿಯ ಅರ್ಹತೆ ಬೇಕಿತ್ತು. ಜಮೀನಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತನ್ನ ಹೆಸರಿದ್ದ ಹೆಂಗಸು ಎಷ್ಟು ಮಂದಿ ಇದ್ದಾರು? ಈಗಲೂ ನಮ್ಮೂರಲ್ಲಿ ಹೊಲದಲ್ಲಿ ಬೆವರು ಸುರಿಸುವವಳು ಒಬ್ಬಳು, ಉತಾರದಲ್ಲಿರುವ ಹೆಸರು ಇನ್ನೊಬ್ಬರದು.

ನನ್ನನ್ನು ತಡೆದು ನಿಲ್ಲಿಸಿದ್ದು 1935ರ ಭಾರತ ಸರ್ಕಾರ ಕಾಯ್ದೆ. ಅದರಿಂದ ಮಹಿಳಾ ಮತದಾರರ ಸಂಖ್ಯೆ ಸುಮಾರು 60 ಲಕ್ಷಕ್ಕೆ ಏರಿತು. ಆದರೆ ಏರಿದ ಬಗೆ ನೋಡಿ: ಸ್ವಂತ ಆಸ್ತಿ ಅಥವಾ ಓದುಬರಹ ಇದ್ದವಳ ಜೊತೆಗೆ, ನಿಗದಿತ ಆಸ್ತಿಯುಳ್ಳವನ ಹೆಂಡತಿಗೂ ಮತ. ಅಂದರೆ ‘ಇಂಥವನ ಹೆಂಡತಿ’ ಎಂಬುದೇ ಕಾನೂನಿನ ಅರ್ಹತೆಯಾಯಿತು! ರಾಜಕುಮಾರಿ ಅಮೃತ್ ಕೌರ್, ಮುತ್ತುಲಕ್ಷ್ಮಿ ರೆಡ್ಡಿ ಮುಂತಾದವರು ಈ ಅರ್ಹತೆ ನಮಗೆ ಬೇಡವೆಂದು ಮೊದಲೇ ಹೇಳಿದ್ದರು. ಬೇಡಿದ್ದು ನೇರ ಮತ, ಸಿಕ್ಕಿದ್ದು ಗಂಡನ ಬೆನ್ನಿಗೆ ಕಟ್ಟಿದ ಮತ. ಸಂವಿಧಾನದ 326ನೇ ವಿಧಿ ಆ ಕಟ್ಟನ್ನು ಬಿಚ್ಚಿತು. ವಯಸ್ಸು ತುಂಬಿದ್ದರೆ ಸಾಕು, ಆಸ್ತಿ ಬೇಡ, ಅಕ್ಷರ ಬೇಡ, ಗಂಡ ಬೇಡ. ಅದಾದ ಎರಡೇ ವರ್ಷದಲ್ಲಿ ಪಟ್ಟಿಯಲ್ಲಿ ಮತ್ತೆ ‘ಇಂಥವನ ಹೆಂಡತಿ’ ಎಂದು ಬರೆದುಕೊಳ್ಳುವುದು ಎಂದರೇನು? ಸೇನ್ ಒಪ್ಪದಿದ್ದುದೇ ಸರಿ ಎಂದು ಈಗ ನನ್ನ ಮನಸ್ಸು ಹೇಳುತ್ತದೆ. ತಪ್ಪು ಬರೆದುಕೊಳ್ಳಲು ಹೋದವರದು. ಅವರು ಬಾಗಿಲಲ್ಲಿ ನಿಂತು ಗಂಡಸನ್ನು ಕೇಳಿ ಬರೆದುಕೊಂಡಿರುತ್ತಾರೆ. 2013ರಲ್ಲಿ ನಾನು ಮಾಡಿದ್ದೂ ಅದನ್ನೇ.

ಅಂದಿನಿಂದ ನಾನು ಕೆಲಸದ ಪದ್ಧತಿ ಬದಲಿಸಿದೆ. ಮೊದಲನೆಯದು, ಮನೆಯ ಯಜಮಾನ ಕಟ್ಟೆಯ ಮೇಲೆ ಕುಳಿತೇ ಎಲ್ಲರ ಹೆಸರನ್ನೂ ಒಪ್ಪಿಸಿದರೆ ಕೇಳಿಸಿಕೊಳ್ಳುತ್ತೇನೆ, ಬರೆಯುವುದಿಲ್ಲ. ‘ಮಾವ, ಒಳಗೆ ಹೋಗಿ ಸೊಸೆಯನ್ನು ಮಾತಾಡಿಸಿ ಬರುತ್ತೇನೆ’ ಎಂದು ಅಡುಗೆಮನೆಗೆ ನಡೆಯುತ್ತೇನೆ. ರೊಟ್ಟಿ ಬಡಿಯುವವಳ ಪಕ್ಕದಲ್ಲಿ ಕುಳಿತು, ‘ಮೊದಲು ನಿನ್ನ ಹೆಸರು ಹೇಳು ತಂಗಿ’ ಎನ್ನುತ್ತೇನೆ. ಗಂಡನ ಹೆಸರು ಆಮೇಲೆ.

ಇಲ್ಲಿ ಒಂದು ತೊಡಕಿದೆ. ನಮ್ಮ ಕಡೆ ಮದುವೆಯಲ್ಲಿ ಎಷ್ಟೋ ಮನೆತನಗಳು ಸೊಸೆಗೆ ಹೊಸ ಹೆಸರು ಇಡುತ್ತವೆ. ತವರಿನಲ್ಲಿ ನೀಲವ್ವ ಆಗಿದ್ದವಳು ಇಲ್ಲಿಗೆ ಬಂದು ಗಿರಿಜಾ ಆಗುತ್ತಾಳೆ. ಮನೆಯವರು ಹೇಳುವುದು ಗಿರಿಜಾ. ಅಂಕಪಟ್ಟಿ, ಆಧಾರ್, ತವರಿನ ಮತದಾರರ ಪಟ್ಟಿ ಎಲ್ಲದರಲ್ಲೂ ಇರುವುದು ನೀಲವ್ವ. ಮಾವನ ಮಾತು ಕೇಳಿ ಗಿರಿಜಾ ಎಂದು ಹೊಸದಾಗಿ ಸೇರಿಸಿದರೆ ಒಬ್ಬಳೇ ಎರಡು ಕಡೆ ಇಬ್ಬರಾಗಿ, ಮುಂದೆ ಯಾವುದೋ ಒಂದು ದಿನ ಎರಡೂ ಕಡೆ ಇಲ್ಲದಂತಾಗುತ್ತಾಳೆ. ಬೇರೆ ಕ್ಷೇತ್ರದಿಂದ ಬಂದವಳಿಗೆ ಮೊದಲು, ಹೊಸದಾಗಿ ಸೇರುವವರಂತೆ, ನಮೂನೆ 6 ತುಂಬಬೇಕಿತ್ತು. 2022ರಿಂದ ವಿಳಾಸ ಬದಲಾವಣೆಗೆ ಎಲ್ಲರಿಗೂ ನಮೂನೆ 8. ಹಳೆಯ ಚೀಟಿಯ ಸಂಖ್ಯೆ ಬರೆದರೆ ಹೆಸರು ಜೊತೆಗೇ ಬರುತ್ತದೆ. ಅದಕ್ಕೇ ಮದುವೆಯಾಗಿ ಹೋಗುವ ನಮ್ಮೂರ ಹುಡುಗಿಯರಿಗೆ ಹೇಳುತ್ತೇನೆ, ಚೀಟಿಯನ್ನು ತವರಿನ ಟ್ರಂಕಿನಲ್ಲಿ ಬಿಟ್ಟು ಹೋಗಬೇಡಿ, ಬಳೆಯ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ಸಂಬಂಧಿಯ ಹೆಸರಿನ ಕಾಲಂನಲ್ಲಿ ಗಂಡನನ್ನೇ ಬರೆಸಬೇಕೆಂಬ ನಿಯಮವೂ ಇಲ್ಲ, ತಂದೆ ಅಥವಾ ತಾಯಿಯ ಹೆಸರು ಇರಬಹುದು. ಇದನ್ನು ಹೇಳಿದಾಗ ಕೆಲವರ ಮುಖ ಅರಳುವುದನ್ನು ಕಂಡಿದ್ದೇನೆ.

ಗಂಡನ ಹೆಸರು ಬರೆಸುವಾಗ ಹಿರಿಯರ ಪಾಡು ಬೇರೆ. ಮದುವೆ, ಸೀಮಂತದಲ್ಲಿ ಒಡಪು ಕಟ್ಟಿ ಸಭೆಯ ಮುಂದೆ ಗಂಡನ ಹೆಸರನ್ನು ಹೇಳುವ ನಾಲಿಗೆಗೆ ನೇರವಾಗಿ ಹೇಳಲು ಬಾರದು. ಮೊಮ್ಮಗನನ್ನು ಕರೆದು ಹೇಳಿಸುತ್ತಾರೆ. ಅದಕ್ಕೆ ನಾನು ಅವಸರ ಮಾಡುವುದಿಲ್ಲ. ತಮ್ಮ ಹೆಸರನ್ನು ಮಾತ್ರ ಅವರ ಬಾಯಿಂದಲೇ ಕೇಳಿ ಬರೆಯುತ್ತೇನೆ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ‘ಸರಿಯಾಗಿದೆಯೇ ಅಮ್ಮ?’ ಎಂದು ಕೇಳಿದರೆ ಅರ್ಧಕ್ಕರ್ಧ ಜನ ತಿದ್ದುತ್ತಾರೆ.

ಹಗಲು ಮನೆಯಲ್ಲಿ ಹೆಂಗಸರು ಸಿಗುವುದಿಲ್ಲ ಎಂಬುದು ಬಿಎಲ್‌ಒಗಳೆಲ್ಲರ ದೂರು. ಸಿಗುವ ಜಾಗಕ್ಕೆ ಹೋಗಬೇಕು. 2018ರ ಚುನಾವಣೆಗೆ ಮೊದಲು, ಫೆಬ್ರುವರಿ ತಿಂಗಳಲ್ಲಿ, ಶಾಲೆ ಬಿಟ್ಟ ಮೇಲೆ ನಾನು ಮೆಣಸಿನಕಾಯಿ ಕಣಗಳಿಗೆ ಹೋಗುತ್ತಿದ್ದೆ. ಸುಗ್ಗಿಯಲ್ಲಿ ನಮ್ಮೂರ ಹೆಂಗಸರೆಲ್ಲ ಅಲ್ಲೇ. ಕೆಂಪು ರಾಶಿಯ ಸುತ್ತ ಕುಳಿತು ಒಂದೊಂದೇ ಕಾಯಿಯ ತೊಟ್ಟು ಬಿಡಿಸುತ್ತಾರೆ. ಮೂಗಿಗೆ ಸೆರಗು, ಗಾಳಿಯಲ್ಲಿ ಘಾಟು. ಕೈ ಉರಿಯುವುದರಿಂದ ಕಣ್ಣು ಒರೆಸಿಕೊಳ್ಳುವುದಿದ್ದರೂ ಮೊಣಕೈಯಿಂದಲೇ. ನಾನೂ ಸೀನುತ್ತ ಸೀನುತ್ತ ನಮೂನೆ ತುಂಬಿದೆ. ಅವರು ಸಹಿ ಹಾಕಿದಲ್ಲೆಲ್ಲ ಬೆರಳಿನ ಕೆಂಪು ಉಳಿಯಿತು. ಕಚೇರಿಯಲ್ಲಿ ಆ ಅರ್ಜಿಗಳನ್ನು ಕಂಡು ಬೇರೆ ಬರೆದು ತರಲು ಹೇಳಿದರು. ನಾನು ಒಪ್ಪಲಿಲ್ಲ, ಹೆಸರು, ಸಂಖ್ಯೆ, ಸಹಿ ಎಲ್ಲವೂ ಸ್ಪಷ್ಟವಾಗಿವೆ, ಸ್ವೀಕರಿಸಿ ಎಂದೆ. ಸ್ವೀಕರಿಸಿದರು.

ಆ ಕಣದಲ್ಲೇ ನಾನು ಅವರಿಗೆ ಇತಿಹಾಸ ಹೇಳತೊಡಗಿದ್ದು. ಕೈಗೆ ಕೆಲಸವಿದ್ದರೂ ಕಿವಿ ಖಾಲಿ ಇರುತ್ತದಲ್ಲ. ನ್ಯೂಜಿಲೆಂಡಿನಲ್ಲಿ 1893ರಲ್ಲೇ ಮತ ಸಿಕ್ಕಿದ್ದು, ಇಂಗ್ಲೆಂಡಿನಲ್ಲಿ ಜೈಲಿಗೆ ಹೋಗಿ ಉಪವಾಸ ಕುಳಿತದ್ದು ಎಲ್ಲ ಹೇಳಿದೆ. ಅವರಿಗೆ ಹಿಡಿಸಿದ್ದು ಹತ್ತಿರದ ಕಥೆಗಳು. ಭಗಿನಿ ಮಂಡಲ ಎಂಬ ಮಹಿಳಾ ಸಂಘ ಕಟ್ಟಿದ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಬೇಗನೆ ಗಂಡನನ್ನು ಕಳೆದುಕೊಂಡವರು. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಮನೆಮನೆಯಿಂದ ಹೆಂಗಸರನ್ನು ಸ್ವಯಂಸೇವಕಿಯರಾಗಿ ಹೊರಡಿಸಿದರು ಎಂದಾಗ, ‘ಮನೆಯವರು ಬಿಟ್ಟರೇ?’ ಎಂದು ಮೂರು ಜನ ಒಟ್ಟಿಗೇ ಕೇಳಿದರು. ನಮ್ಮ ತಾಲ್ಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪನವರನ್ನು ಎಲ್ಲರೂ ಬಲ್ಲರು. ಅವರ ಪತ್ನಿ ಸಿದ್ದಮ್ಮನವರೂ ಸೆರೆಮನೆ ಕಂಡವರು ಎಂಬುದು ಆ ಗುಂಪಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮತ್ತೊಬ್ಬರ ಮಾತು ಬರೆಯಲೇಬೇಕು. ನನ್ನ ಪಟ್ಟಿಯಲ್ಲಿ ಆಗ ತೊಂಬತ್ತು ಸಮೀಪಿಸಿದ್ದ ಒಬ್ಬ ಅಜ್ಜಿ ಇದ್ದರು. 1952ರಲ್ಲಿ, ನಮ್ಮೂರು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಚಕ್ಕಡಿ ಕಟ್ಟಿಕೊಂಡು ಹೋಗಿ ಮತ ಹಾಕಿದ್ದರು. ಆಗ ಉಮೇದುವಾರರಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಕಾಂಗ್ರೆಸ್ಸಿನ ಚಿಹ್ನೆಯಾದ ಜೋಡೆತ್ತಿನ ಪೆಟ್ಟಿಗೆಗೆ ಹಾಕು ಎಂದು ಅವರ ಮಾವ ಹೇಳಿ ಕಳಿಸಿದ್ದರಂತೆ. ‘ಹಾಕಿದಿರಾ?’ ಎಂದೆ. ‘ಅದನ್ನು ನನ್ನ ಗಂಡನಿಗೂ ಹೇಳಿಲ್ಲ’ ಎಂದು ಬಾಯಿ ಮುಚ್ಚಿಕೊಂಡರು. ಆಮೇಲೆ ತಾವಾಗಿಯೇ ಹೇಳಿದರು: ‘ಒಳಗೆ ಕುಳಿತವರು ಪಟ್ಟಿ ನೋಡಿ ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಮದುವೆಯಾಗಿ ಬಂದ ಮೇಲೆ ಆ ಹೆಸರನ್ನು ಯಾರೂ ಕರೆದಿರಲಿಲ್ಲ. ಯಾರನ್ನು ಕರೆಯುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದೆ.’

ಅವರು ಆ ಪೆಟ್ಟಿಗೆಯ ಮುಂದೆ ನಿಂತಾಗ ಸ್ವಿಟ್ಜರ್ಲೆಂಡಿನ ಹೆಂಗಸರು ದೇಶದ ಚುನಾವಣೆಯಲ್ಲಿ ಮತ ಹಾಕಲು ಇನ್ನೂ 19 ವರ್ಷ ಕಾಯಬೇಕಿತ್ತು. ಅಜ್ಜಿಗೆ ಇದನ್ನು ಹೇಳಿದಾಗ ‘ಪಾಪ’ ಎಂದರು.

ಈಗ ಕರಡು ಪಟ್ಟಿ ಬಂದ ಕೂಡಲೇ ಸ್ವಸಹಾಯ ಸಂಘದ ಸಭೆಗೆ ಒಯ್ದು ಹೆಂಗಸರ ಹೆಸರುಗಳನ್ನೆಲ್ಲ ಓದುತ್ತೇನೆ. ಎರಡು ಗಂಟೆ ಹಿಡಿಯುತ್ತದೆ. ಯಾರ ಹೆಸರು ಬಿಟ್ಟಿದೆ ಎಂಬುದನ್ನು ನನಗಿಂತ ಮೊದಲು ಅವರೇ ಹಿಡಿಯುತ್ತಾರೆ. ತೆಗೆಯಬೇಕಾದ ಹೆಸರಿದ್ದರೆ, ಮದುವೆಯಾಗಿ ಹೋದವಳಿಗೇ ಫೋನ್ ಮಾಡಿ ಕೇಳುತ್ತೇನೆ: ‘ಅಲ್ಲಿ ಸೇರಿಸಿದ್ದಾರೆಯೇ? ಚೆನ್ನಾಗಿದ್ದೀಯಾ?’ ಎರಡನೆಯ ಪ್ರಶ್ನೆ ಯಾವ ನಮೂನೆಯಲ್ಲೂ ಇಲ್ಲ, ಆದರೆ ಕೇಳದೆ ಫೋನ್ ಇಡಲು ನನಗೆ ಆಗುವುದಿಲ್ಲ.

2023ರ ಕೊನೆಯಲ್ಲಿ ಶಿರಹಟ್ಟಿ ಕಡೆಯಿಂದ ನಮ್ಮೂರಿಗೆ ಒಬ್ಬ ಸೊಸೆ ಬಂದಳು. ಮನೆಯವರು ಇಟ್ಟ ಹೆಸರನ್ನೇ ಬರೆಯಬೇಕೆಂದು ಅವಳ ಅತ್ತೆ ಪಟ್ಟು ಹಿಡಿದರು. ಕಾಗದಪತ್ರಗಳಲ್ಲಿ ಬೇರೆ ಇದೆ ಎಂದು ನಾನು ತೋರಿಸಿದೆ. ‘ನಿನಗೆ ಯಾವುದು ಬೇಕು?’ ಎಂದು ಹುಡುಗಿಯನ್ನು ಕೇಳಿದೆ. ಅತ್ತೆಯ ಮುಖ ನೋಡಿದಳು, ನೆಲ ನೋಡಿದಳು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ನಮೂನೆ 8ರಲ್ಲಿ ತಾನೇ ಬರೆದಳು. ಆ ಹೆಸರು ಅವಳದು, ನಾನು ಇಲ್ಲಿ ಬರೆಯುವುದಿಲ್ಲ.

2024ರ ಮೇ 7, ಲೋಕಸಭೆ ಚುನಾವಣೆ. ನನ್ನ ಮೇಜು ಮತಗಟ್ಟೆಯ ಕಿಟಕಿಯ ಬದಿಗೇ ಇತ್ತು. ಅತ್ತೆ, ಸೊಸೆ ಒಟ್ಟಿಗೆ ಬಂದರು, ಸಾಲಿನಲ್ಲಿ ಸೊಸೆ ಮುಂದೆ, ಅತ್ತೆ ಹಿಂದೆ. ಒಳಗಿನ ಅಧಿಕಾರಿ ಕ್ರಮಸಂಖ್ಯೆ ಹೇಳಿ ಹೆಸರನ್ನು ಗಟ್ಟಿಯಾಗಿ ಓದಿದರು. ಬಾಗಿಲಲ್ಲಿದ್ದ ಅತ್ತೆ ಅತ್ತಿತ್ತ ನೋಡಿ, ‘ಯಾರದು ಆ ಹೆಸರು?’ ಎಂದು ಕೇಳಿದ್ದು ನನಗೆ ಹೊರಗೆ ಕೇಳಿಸಿತು.

‘ನನ್ನದೇ ಅತ್ತೆ’ ಎಂದಳು ಹುಡುಗಿ, ಬೆರಳು ಮುಂದೆ ಚಾಚುತ್ತ.