ಹಸಿರು ವಾಂತಿಯಿಂದ ಆಪರೇಷನ್ ಟೇಬಲ್‌ವರೆಗೆ: ದಾರಿ ಗಿಡ್ಡ ಮಾಡುವುದು ಹೇಗೆ

ಮಕ್ಕಳ ಸರ್ಜನ್ ಆಗಿ ತರಬೇತಿ ಮುಗಿಸಿ ಹೊಸ ಆಸ್ಪತ್ರೆಗೆ ಕಾಲಿಟ್ಟ ದಿನ ನಾನು ಮೊದಲು ಕೇಳಿದ್ದು ವೆಂಟಿಲೇಟರ್ ಎಷ್ಟಿವೆ ಅಂತ. ಈಗ ಕಿರಿಯರು ಬಂದು ಎಲ್ಲಿಂದ ಶುರು ಮಾಡಲಿ ಮೇಡಂ ಎಂದರೆ, ಮೊದಲು ಒಂದು ನೋಟ್‌ಬುಕ್ ತಗೊಳ್ಳಿ ಅನ್ನುತ್ತೇನೆ.

ಪ್ರತಿ ತುರ್ತು ಕೇಸಿಗೂ ಅದರಲ್ಲಿ ಮೂರು ಹೊತ್ತು ಬರೆದಿಡಿ: ಮನೆಯವರಿಗೆ ಮೊದಲ ಲಕ್ಷಣ ಕಂಡಿದ್ದು, ಮೊದಲ ಡಾಕ್ಟರು ನೋಡಿದ್ದು, ಮಗು ನಿಮ್ಮ ಟೇಬಲ್ ಮೇಲೆ ಮಲಗಿದ್ದು. ಆರು ತಿಂಗಳು ಬರೆದ ಮೇಲೆ ಕೂತು ಓದಿ. ನನ್ನ ಪುಸ್ತಕದಲ್ಲಿ ತಡವೆಲ್ಲ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬಿದ್ದಿತ್ತು. ಅಪ್ಪ ಅಮ್ಮ ಹೊತ್ತಿಗೆ ಸರಿಯಾಗೇ ಕರೆತಂದಿದ್ದರು. ಅಲ್ಲಿದ್ದವರು "ಬೆಳಗಾಗಲಿ ನೋಡೋಣ" ಅಂದಿದ್ದರು.

ಹೀಗೆ ಕಾಯುವುದರ ಬೆಲೆ ಸಣ್ಣದಲ್ಲ. ಹುಟ್ಟಿನಿಂದಲೇ ಬರುವ ಕರುಳು, ಅನ್ನನಾಳದ ದೋಷಗಳ ಬಗ್ಗೆ 74 ದೇಶಗಳ 264 ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಡ ದೇಶಗಳಲ್ಲಿ ಇಂಥ ಮಕ್ಕಳಲ್ಲಿ ಶೇ. 39.8ರಷ್ಟು ತೀರಿಕೊಂಡರೆ, ಶ್ರೀಮಂತ ದೇಶಗಳಲ್ಲಿ ಶೇ. 5.6. ಸರ್ಜನ್ ಕೈಗೆ ಸಿಗುವ ಹೊತ್ತಿಗೇ ನಂಜೇರಿದ್ದ ಮಕ್ಕಳು ಉಳಿಯುವುದು ಕಷ್ಟ ಎಂದೂ ಅದರಲ್ಲಿದೆ. ನಂಜೇರಿ ಬಂದ ಕೂಸಿಗೆ ನಿಮ್ಮ ಹೊಲಿಗೆ ಎಷ್ಟು ಅಚ್ಚುಕಟ್ಟಾಗಿದ್ದರೇನು?

ಎರಡನೆಯ ಕೆಲಸ ಫೋನ್. ನಮ್ಮ ತರಬೇತಿ ಕಾಲದಲ್ಲಿ ಅಮೆರಿಕದ ಮಕ್ಕಳ ಸರ್ಜನ್ ರಾಬರ್ಟ್ ಗ್ರಾಸ್ ಕಥೆ ಹೇಳಿ ಹುರಿದುಂಬಿಸುತ್ತಿದ್ದರು. 1938, ಬಾಸ್ಟನ್. ಮುಖ್ಯಸ್ಥ ವಿಲಿಯಂ ಲ್ಯಾಡ್ ಊರಲ್ಲಿಲ್ಲದಾಗ, ಹೃದಯದ ಪಕ್ಕದಲ್ಲಿ ಮುಚ್ಚದೇ ಉಳಿದ ರಕ್ತನಾಳವನ್ನು ಕಟ್ಟಿ ಗೆದ್ದ 33ರ ಹುಡುಗ. ಕಥೆ ಸೊಗಸಾಗಿದೆ, ನನಗೂ ಇಷ್ಟ. ಆದರೆ ನಿಮಗೆ ಮೊದಲ ವರ್ಷ ಬೇಕಾಗುವುದು ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿ, ದನಿಯಲ್ಲಿ ಸಿಡುಕಿಲ್ಲದೆ "ಹೇಳಿ" ಅನ್ನುವ ತಾಳ್ಮೆ.

ಇದನ್ನು ನಾನು ಕಲಿತದ್ದು ಎಡವಿಬಿದ್ದು. ಹೊಟ್ಟೆಯ ಗೋಡೆ ಕೂಡದೆ ಕರುಳು ಹೊರಗೇ ಇದ್ದ ಒಂದು ಹಸುಳೆಯನ್ನು ಬೇರೊಂದು ಆಸ್ಪತ್ರೆಯಿಂದ ಒದ್ದೆ ಬಟ್ಟೆ ಸುತ್ತಿ ಕಳಿಸಿದ್ದರು. ಬಂದಾಗ ಮೈ ಬಿಸಿ 33 ಡಿಗ್ರಿ ಸೆಲ್ಸಿಯಸ್, ಕೈಗೆ ಹಿಡಿದರೆ ಕಲ್ಲಿನ ತಣುಪು. ಕಳಿಸಿದ ನರ್ಸಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಎಂಟು ತಿಂಗಳು ಅಲ್ಲಿಂದ ಒಂದು ಕರೆಯೂ ಬರಲಿಲ್ಲ. ಮಕ್ಕಳೇನು ಹುಟ್ಟುವುದು ನಿಂತಿತ್ತೇ? ಕೊನೆಗೆ ನಾನೇ ಹೋಗಿ ಕ್ಷಮೆ ಕೇಳಿದೆ. ಆಕೆ ಹೇಳಿದ್ದು ಒಂದೇ ಮಾತು: "ಒದ್ದೆ ಬಟ್ಟೆ ಹಾಕಬಾರದು ಅಂತ ನಮಗೆ ಯಾರೂ ಹೇಳಿರಲಿಲ್ಲ."

ಹಾಗಾಗಿ ಮೂರನೆಯದು, ಮಕ್ಕಳನ್ನು ಕಳಿಸುವ ಆಸ್ಪತ್ರೆಗಳಿಗೆ ಹೋಗಿ ಹೇಳಿ ಬನ್ನಿ. ಸ್ಲೈಡು ಗೀಡು ಬೇಡ, ಹೆರಿಗೆ ಕೋಣೆಯಲ್ಲೇ ನಿಂತು ಅರ್ಧ ಗಂಟೆ ಮಾತಾಡಿದರೆ ಸಾಕು. ಹಸುಳೆ ಹಸಿರು ವಾಂತಿ ಮಾಡಿಕೊಂಡರೆ ಕರುಳು ತಿರುಚಿದೆ ಎಂದೇ ಹಿಡಿಯಬೇಕು. ಅಲ್ಲ ಎಂದು ಗೊತ್ತಾಗುವವರೆಗೆ ಕಾಯುವ ಮಾತಿಲ್ಲ, ಕೆಲವೇ ಗಂಟೆಗಳಲ್ಲಿ ಇಡೀ ಕರುಳು ಕಪ್ಪಾಗುತ್ತದೆ. ಬಾಯಲ್ಲಿ ನೊರೆ ಜೊಲ್ಲು ನಿಲ್ಲದಿದ್ದರೆ ಹಾಲು ಕೊಡುವ ಮೊದಲು ಒಂದು ಟ್ಯೂಬ್ ಹಾಕಿ ನೋಡಬೇಕು, ಸುಮಾರು 10 ಸೆಂಟಿಮೀಟರಿಗೆ ತಡೆದು ನಿಂತರೆ ಅನ್ನನಾಳ ಕೂಡಿಲ್ಲ. ಹುಟ್ಟಿದ ಕೂಡಲೇ ಗುದದ್ವಾರ ಇದೆಯೇ ಎಂದು ಕಣ್ಣಾರೆ ನೋಡಬೇಕು. ನಗಬೇಡಿ, ಎರಡು ದಿನ ಕಳೆದು ಹೊಟ್ಟೆ ಉಬ್ಬಿದ ಮೇಲೆ ಗೊತ್ತಾದ ಮಕ್ಕಳನ್ನು ನಾನು ನೋಡಿದ್ದೇನೆ.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಎರಡು ವಾರ ಕಳೆದರೂ ಕಾಮಾಲೆ ಇಳಿಯದೆ ಮಲ ಸುಣ್ಣದ ಬಣ್ಣಕ್ಕೆ ತಿರುಗಿದರೆ ಅದು ಪಿತ್ತನಾಳದ ತೊಂದರೆ ಇರಬಹುದು. ಜಪಾನಿನ ಸರ್ಜನ್ ಮೊರಿಯೊ ಕಸಾಯಿ ತೋರಿಸಿಕೊಟ್ಟ ಆಪರೇಷನ್ 60 ದಿನದೊಳಗೆ ಆದರೆ ಫಲ ಹೆಚ್ಚು. ತೈವಾನ್‌ನಲ್ಲಿ 2004ರಿಂದ ದೇಶದ ಎಲ್ಲ ತಾಯಂದಿರಿಗೂ ಮಲದ ಬಣ್ಣದ ಚಿತ್ರವಿರುವ ಕಾರ್ಡ್ ಕೊಡುತ್ತಾರೆ. ಒಂದು ಕಾಗದದ ಚೂರು, ಅಷ್ಟೇ.

ಕಳಿಸುವ ದಾರಿಯ ಪಾಠ ಇನ್ನೂ ಚಿಕ್ಕದು. ಮೈ ಬಿಸಿ 36.5ಕ್ಕಿಂತ ಕೆಳಗಿಳಿಯಬಾರದು. ಹೊಟ್ಟೆಗೆ ಟ್ಯೂಬ್ ಹಾಕಿ ತುದಿ ತೆರೆದಿಟ್ಟು, ಆಗಾಗ ಸಿರಿಂಜಿನಲ್ಲಿ ಎಳೆಯಬೇಕು. ಡ್ರಿಪ್ ಇರಬೇಕು, ಬಾಯಿಗೆ ಏನೂ ಇಲ್ಲ. ಕರುಳು ಹೊರಗಿದ್ದರೆ ಮಗುವನ್ನು ಕಂಕುಳವರೆಗೆ ಶುಭ್ರವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಲಮಗ್ಗುಲಿಗೆ ಮಲಗಿಸಿ. ಬಣ್ಣ ಕಾಣುತ್ತದೆ, ನೀರೂ ಬಿಸಿಯೂ ಆರಿಹೋಗುವುದಿಲ್ಲ. ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯಲ್ಲಿ ತೂತಿದ್ದು ಕರುಳು ಎದೆಗೇರಿದ ಮಗುವಿಗೆ ಮಾಸ್ಕ್ ಹಿಡಿದು ಗಾಳಿ ಕೊಡುವ ಚೀಲ ಒತ್ತಬೇಡಿ, ಗಾಳಿ ಹೊಟ್ಟೆಗೆ ತುಂಬಿ ಶ್ವಾಸಕೋಶ ಇನ್ನಷ್ಟು ಅದುಮಿಹೋಗುತ್ತದೆ.

ಇನ್ನು ಎಲ್ಲವನ್ನೂ ನೀವೇ ಮಾಡಬೇಕೆಂಬ ಹಟ ಬಿಡಿ. ಇದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. ದೊಡ್ಡ ಮಕ್ಕಳ ಹರ್ನಿಯಾವನ್ನು ಹತ್ತಿರದ ಜನರಲ್ ಸರ್ಜನ್ ಚೆನ್ನಾಗಿಯೇ ಮಾಡುತ್ತಾರೆ, ನೀವು ಮೊದಲ ನಾಲ್ಕೈದು ಸಲ ಎದುರಿಗೆ ನಿಂತರೆ ಸಾಕು. ತೊಡೆಸಂದಿನ ಹರ್ನಿಯಾ ಇರುವ ಎಳೆಗೂಸು, ಅದರಲ್ಲೂ ದಿನ ತುಂಬದೆ ಹುಟ್ಟಿದ್ದು, ನಿಮ್ಮ ಹತ್ತಿರವೇ ಬರಲಿ, ಅದೂ ಬೇಗ. ಕರುಳು ಸಿಕ್ಕಿಕೊಳ್ಳುವ ಭಯ ಒಂದು ಕಡೆ, ಅರವಳಿಕೆ ಆದಮೇಲೆ ಉಸಿರು ನಿಲ್ಲುವ ಭಯ ಇನ್ನೊಂದು ಕಡೆ. ಹೊಕ್ಕುಳ ಹರ್ನಿಯಾ ಬಹುಪಾಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನಾಲ್ಕು ವರ್ಷದವರೆಗೆ ಸುಮ್ಮನಿರಿ. ವೃಷಣ ಆರು ತಿಂಗಳಾದರೂ ಇಳಿಯದಿದ್ದರೆ ಒಂದೂವರೆ ವರ್ಷದೊಳಗೆ ಮಾಡಿ ಮುಗಿಸಿ.

ಅರವಳಿಕೆಯವರನ್ನು ಬಿಟ್ಟು ಯಾವ ಯೋಜನೆಯನ್ನೂ ಹಾಕಬೇಡಿ. ಮೂರು ಕಿಲೋ ಕೂಸಿನ ಮೈಯಲ್ಲಿರುವ ರಕ್ತ ಸುಮಾರು ಕಾಲು ಲೀಟರ್ ಅಷ್ಟೇ. ಚಿಕ್ಕ ಮಾಸ್ಕ್, ಚಿಕ್ಕ ಟ್ಯೂಬ್, ಮಗುವಿನ ಬೆರಳಿಗೆ ಕೂರುವ ಆಕ್ಸಿಮೀಟರ್ ಇಲ್ಲದೆ ನಿಮ್ಮ ಕೈಚಳಕ ಯಾವ ಪ್ರಯೋಜನಕ್ಕೂ ಇಲ್ಲ. ಆಡಳಿತದವರ ಮುಂದೆ ಕೂತಾಗ ಮೊದಲು ಇವನ್ನು ಕೇಳಿ, ಲ್ಯಾಪರೋಸ್ಕೋಪ್ ಆಮೇಲೆ.

ಕೊನೆಯದು ಉತ್ತರ. ಮಗು ಕಳಿಸಿದವರಿಗೆ ವಾರದೊಳಗೆ ನಾಲ್ಕು ಸಾಲು ಬರೆಯಿರಿ: ಏನಿತ್ತು, ಏನು ಮಾಡಿದೆವು, ನೀವು ಮಾಡಿದ್ದರಲ್ಲಿ ಯಾವುದು ಕೆಲಸಕ್ಕೆ ಬಂತು. ಮಗು ಉಳಿಯದಿದ್ದರೂ ಬರೆಯಿರಿ, ಆಗಲೇ ಹೆಚ್ಚು ಬೇಕು. ನಾನು ಬೈದಿದ್ದ ಆ ನರ್ಸಿಗೂ ಬರೆಯುತ್ತಾ ಬಂದೆ. ಮುಂದಿನ ಸಲ ಅವರಿಂದ ಅಂಥದೇ ಹಸುಳೆ ಬಂದಾಗ ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗಿತ್ತು, 36.8. ಚೀಲದ ಮೇಲೆ ಟ್ಯೂಬ್ ಹಾಕಿದ ಹೊತ್ತನ್ನು ಪೆನ್ನಿನಲ್ಲಿ ಬರೆದಿದ್ದರು.