ಜಪಾನಿಗೆ ಹೊರಟವರಿಗೆ: ಅಲ್ಲಿನ ಟೊಮೇಟೊ, ಅನ್ನ, ಮೊಸರಿನ ಜೊತೆ ಹೊಂದಿಕೊಳ್ಳೋದು ಹೇಗೆ

ನಮ್ಮದು ವೇಮಗಲ್ ಹತ್ತಿರದ ಹಳ್ಳಿ. ಮನೆಯಲ್ಲಿ ಟೊಮೇಟೊ ಬೆಳೀತೀವಿ, 15 ಕೆಜಿ ಕ್ರೇಟ್ ತುಂಬಿಸಿ ಕೋಲಾರದ ಎಪಿಎಂಸಿಗೆ ಹಾಕ್ತೀವಿ. ಕೆಲಸದ ಮೇಲೆ ಜಪಾನಿನ ಹಮಾಮಾತ್ಸುಗೆ ಹೋದ ಮೊದಲ ವಾರ ಅಲ್ಲಿನ ಅಂಗಡಿಯಲ್ಲಿ ನಾಲ್ಕೇ ನಾಲ್ಕು ಟೊಮೇಟೊ ಒಂದು ಪೊಟ್ಟಣದಲ್ಲಿ ಇಟ್ಟಿದ್ದನ್ನ ನೋಡಿ, ಬೇರೆ ಏನು ಗೊತ್ತಿಲ್ಲದಿದ್ದರೂ ಇದು ನನಗೆ ಗೊತ್ತು ಅಂತ ಧೈರ್ಯ ಬಂತು. ರೂಮಿಗೆ ತಂದು ಸಾರು ಮಾಡಿದೆ. ಬಣ್ಣ ಬಂತು, ಹುಳಿ ಬರಲಿಲ್ಲ. ಇನ್ನೆರಡು ಹಾಕಿದೆ. ಸಾರು ಸಿಹಿಯಾಯಿತು. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಮಾತು: "ಹಣ್ಣು ಹಂಗೇ ಕಚ್ಚಿ ನೋಡಿದ್ಯೇನಪ್ಪಾ, ಸಾರಿಗೆ ಹಾಕೋ ಮುಂಚೆ?"

ನೋಡಿರಲಿಲ್ಲ. ಎರಡು ವರ್ಷ ಅಲ್ಲಿದ್ದು ಬಂದ ಮೇಲೆ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಂದ ಹೊರಡುವ ಹುಡುಗರು ಏನು ಕೇಳಿದರೂ ನಾನು ಮೊದಲು ಹೇಳೋದು ಅಮ್ಮ ಕೇಳಿದ್ದನ್ನೇ. ಈಗ ಅಕ್ಕನ ಮಗ ಹೊರಟಿದ್ದಾನೆ. "ಮಾವ, ಅಲ್ಲೂ ಅನ್ನ ಸಿಗುತ್ತಲ್ಲ, ಮೊಸರು ಸಿಗುತ್ತಲ್ಲ, ಇನ್ನೇನು" ಅಂದ. ಅವನಿಗಾಗಿ ಕೂತು ಬರೆದದ್ದು ಇದು. ಗೊತ್ತಿಲ್ಲದ ಪದಾರ್ಥ ಎದುರಿಗೆ ಬಂದರೆ ನಾವು ಹುಷಾರಾಗಿರ್ತೀವಿ. ಗೊತ್ತಿರೋ ಹೆಸರಿನ ಪದಾರ್ಥವೇ ಬೇರೆ ರುಚಿಯಲ್ಲಿ ಬಂದಾಗ ಮನಸ್ಸು ಮುದುಡಿಹೋಗುತ್ತೆ. ಎಷ್ಟೋ ಹುಡುಗರು ಎರಡನೇ ತಿಂಗಳಿಗೇ ಬರೀ ಬ್ರೆಡ್ಡು, ಕಪ್ ನೂಡಲ್ಸ್ ತಿಂದು ಸೊರಗಿದ್ದನ್ನ ಕಣ್ಣಾರೆ ನೋಡಿದ್ದೀನಿ.

ಟೊಮೇಟೊ ವಿಷಯವನ್ನ ಮೊದಲು ಮುಗಿಸ್ತೀನಿ. ಅಲ್ಲಿ ಹೆಚ್ಚಾಗಿ ಸಿಗೋದು ಮೊಮೊತಾರೋ ಅನ್ನೋ ಜಾತಿ, ಸ್ವಲ್ಪ ಗುಲಾಬಿ ಬಣ್ಣದ್ದು. ಅದನ್ನ ಹಸಿಯಾಗಿ ಹೆಚ್ಚಿ ತಿನ್ನೋದಕ್ಕೆ ಅಂತಲೇ ಬೆಳೆಸಿದ್ದಾರೆ. ಉಪ್ಪು ಹಾಕಿಕೊಂಡು ತಿನ್ನಿ, ಅಷ್ಟು ಒಳ್ಳೆಯ ಹಣ್ಣು ನಮ್ಮ ಹೊಲದಲ್ಲೂ ಅಪರೂಪ. ಸಾರಿಗೆ ಬೇಕಾದರೆ ಇಟಲಿಯಿಂದ ಬರುವ ಡಬ್ಬದ ಟೊಮೇಟೊ ತಗೊಳ್ಳಿ, ಎಲ್ಲ ಸೂಪರ್ ಮಾರ್ಕೆಟ್‌ನಲ್ಲೂ ಇರುತ್ತೆ, ತಾಜಾ ಹಣ್ಣಿಗಿಂತ ಅಗ್ಗ, ಹುಳಿಯೂ ಇದೆ. 400 ಗ್ರಾಂ ಡಬ್ಬದಲ್ಲಿ ಅರ್ಧ ಹಾಕಿ, ಒಂದು ಗೋಲಿ ಗಾತ್ರದ ಹುಣಸೆಹಣ್ಣು ಕಿವುಚಿ ಸೇರಿಸಿದರೆ ಇಬ್ಬರಿಗೆ ಸಾರಾಗುತ್ತೆ. ಉಳಿದರ್ಧ ಡಬ್ಬದಲ್ಲೇ ಬಿಡದೆ ಗಾಜಿನ ಪಾತ್ರೆಗೆ ಬಗ್ಗಿಸಿ ಫ್ರಿಜ್‌ನಲ್ಲಿಡಿ.

ಬೇರೆ ತರಕಾರಿಗೂ ಇದೇ ಪರೀಕ್ಷೆ: ಅಡುಗೆಗೆ ಮುಂಚೆ ಒಂದು ಚೂರು ಹಸಿಯಾಗಿ ಬಾಯಿಗೆ ಹಾಕಿಕೊಳ್ಳಿ. ಅಲ್ಲಿನ ಮೂಲಂಗಿಗೆ ದೈಕೋನ್ ಅಂತಾರೆ, ತೋಳಿನ ಗಾತ್ರ ಇರುತ್ತೆ, ಎಲೆಯ ಕಡೆಯ ಭಾಗ ಸಿಹಿ, ತುದಿಯ ಕಡೆ ಖಾರ. ಸಾಂಬಾರಿಗೆ ತುದಿಯನ್ನ ಉಪಯೋಗಿಸಿ. ಬದನೆಕಾಯಿಯ ಸಿಪ್ಪೆ ತುಂಬ ಎಳಸು, ನಮ್ಮ ಲೆಕ್ಕದಲ್ಲಿ ಬೇಯಿಸಿದರೆ ಕರಗಿಹೋಗುತ್ತೆ. ಬೇಳೆ ಪೂರ್ತಿ ಬೆಂದ ಮೇಲೆ ಕೊನೆಯಲ್ಲಿ ಹಾಕಿ. ಶಿಶಿತೋ ಅನ್ನೋ ಹಸಿರು ಕಾಯಿ ನೋಡೋಕೆ ನಮ್ಮ ಮೆಣಸಿನಕಾಯಿಯೇ, ಆದರೆ ಖಾರ ಇಲ್ಲ, ಎಲ್ಲೋ ಒಂದೊಂದು ಮಾತ್ರ ಖಾರ ಇರುತ್ತೆ. ಅದನ್ನ ಎಣ್ಣೆಯಲ್ಲಿ ಬಾಡಿಸಿ ಉಪ್ಪು ಹಾಕಿ ನೆಂಚಿಕೊಳ್ಳಿ. ಖಾರಕ್ಕೆ ತಾಕಾನೊತ್ಸುಮೆ ಅನ್ನೋ ಸಣ್ಣ ಒಣಮೆಣಸು ಇದೆ. ಬ್ಯಾಡಗಿ ಹಾಗೆ ಬಣ್ಣ ಕೊಡಲ್ಲ, ಎರಡು ಹಾಕಿದರೆ ಸಾಕು. ಎಳ್ಳೆಣ್ಣೆಯ ಸೀಸೆಯನ್ನ ನೋಡಿ ಒಗ್ಗರಣೆಗೆ ತಗೋಬೇಡಿ, ಕಂದು ಬಣ್ಣದ್ದು ಹುರಿದ ಎಳ್ಳಿನದು, ಆ ವಾಸನೆ ಸಾಸಿವೆ ಇಂಗನ್ನ ಮುಚ್ಚಿಬಿಡುತ್ತೆ. ತಿಳಿಬಣ್ಣದ ತಾಯ್‌ಹಾಕು ಅನ್ನೋದು ಹುರಿಯದ ಎಳ್ಳಿನ ಎಣ್ಣೆ, ಅದಾದರೆ ಸರಿ.

ಅನ್ನ. ಅಲ್ಲಿನ ಅಕ್ಕಿ ಗಿಡ್ಡ, ದುಂಡು, ಬೆಂದರೆ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಚಾಪ್‌ಸ್ಟಿಕ್‌ನಲ್ಲಿ ಎತ್ತಬೇಕಲ್ಲ, ಅದಕ್ಕೆ ಹೇಳಿ ಮಾಡಿಸಿದ ಅಕ್ಕಿ. ನಾವು ಸೋನಾ ಮಸೂರಿಗೆ ಎರಡರಿಂದ ಎರಡೂವರೆ ಪಾಲು ನೀರು ಇಟ್ಟು ರೂಢಿ; ಅಷ್ಟಿಟ್ಟರೆ ಗಂಜಿಯಾಗುತ್ತೆ. ಒಂದು ಪಾಲು ಅಕ್ಕಿಗೆ ಒಂದೂಕಾಲು ಪಾಲಿಗಿಂತ ಕಮ್ಮಿ ನೀರು. ಅಲ್ಲಿನ ಕರೆಂಟ್ ಕುಕ್ಕರ್ ಜೊತೆ ಕೊಡೋ ಲೋಟ 180 ಮಿಲಿ ಹಿಡಿಯೋದು, ಅದಕ್ಕೆ ಅವರು ಒಂದು ಗೋ ಅಂತಾರೆ. ಪಾತ್ರೆಯೊಳಗಿನ ಗೆರೆಗಳೂ ಅದೇ ಲೆಕ್ಕದ್ದು. ನಮ್ಮ ಲೋಟದಲ್ಲಿ ಅಕ್ಕಿ ಅಳೆದು ಅವರ ಗೆರೆಗೆ ನೀರು ಹಾಕಿದರೆ ತಪ್ಪುತ್ತೆ.

ಈ ಅನ್ನಕ್ಕೆ ಸಾರು ಕಲಸಿದರೆ ಮನಸ್ಸಿಗೆ ಹಿಡಿಸಲ್ಲ, ಚಿತ್ರಾನ್ನವಂತೂ ಮುದ್ದೆಮುದ್ದೆ. ಆದರೆ ಮೊಸರನ್ನಕ್ಕೆ, ಪೊಂಗಲ್‌ಗೆ, ಬಿಸಿಬೇಳೆ ಬಾತಿಗೆ ಇದಕ್ಕಿಂತ ಒಳ್ಳೆಯ ಅಕ್ಕಿಯನ್ನ ನಾನು ಕಂಡಿಲ್ಲ. ಹಿಸುಕುವ ಕೆಲಸವೇ ಇಲ್ಲ. ವಾರದಲ್ಲಿ ಎರಡು ದಿನ ಅದನ್ನ ಮಾಡಿಕೊಳ್ಳಿ, ಸಾರಿನ ದಿನಕ್ಕೆ ನೇಪಾಳಿ ಅಂಗಡಿಯಿಂದ ಉದ್ದಕ್ಕಿ ತಂದಿಟ್ಟುಕೊಳ್ಳಿ. ಕ್ಯಾಂಟೀನಿನಲ್ಲಿ ಮಾತ್ರ ಬಿಳಿ ಅನ್ನವನ್ನ ಬಟ್ಟಲಲ್ಲಿ ಹಾಗೇ ಬಿಟ್ಟು, ಪಲ್ಯದ ಥರದ್ದನ್ನ ಪಕ್ಕದಲ್ಲಿ ನೆಂಚಿಕೊಂಡು ತಿನ್ನೋದು ಅಲ್ಲಿನ ರೂಢಿ. ಚಾಪ್‌ಸ್ಟಿಕ್ಕನ್ನ ಅನ್ನದ ಮಧ್ಯೆ ನೆಟ್ಟಗೆ ಚುಚ್ಚಿಡಬೇಡಿ. ಸತ್ತವರಿಗೆ ಎಡೆ ಇಡುವಾಗ ಮಾತ್ರ ಹಾಗೆ ಮಾಡ್ತಾರೆ.

ಇನ್ನು ಮುದ್ದೆ. ಇದನ್ನ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಾನು ನಾಲ್ಕು ತಿಂಗಳು ರಾಗಿ ಸಿಗಲ್ಲ ಅಂದುಕೊಂಡೇ ಇದ್ದೆ. ಬೀದಿ ಕೊನೆಯಲ್ಲಿದ್ದ ನೇಪಾಳಿ ಅಂಗಡಿಯಲ್ಲಿ ಕೋದೋ ಅಂತ ಬರೆದ ಹಿಟ್ಟಿನ ಪೊಟ್ಟಣ ಎಷ್ಟೋ ಸಲ ನೋಡಿದ್ದೆ. ಹಿಂದಿಯವರು ಕೋದೋ ಅನ್ನೋದು ನಮ್ಮ ಹಾರಕಕ್ಕೆ, ಹಾಗಾಗಿ ಮುಟ್ಟಿರಲಿಲ್ಲ. ಒಂದು ದಿನ ಅಂಗಡಿಯಣ್ಣ ಒಳಗೆ ಊಟಕ್ಕೆ ಕೂತಿದ್ದ. ತಟ್ಟೆಯಲ್ಲಿ ಕಂದು ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು. ಕಣ್ಣು ತುಂಬಿ ಬಂತು. ನೇಪಾಳಿಯವರಿಗೆ ಕೋದೋ ಅಂದರೆ ರಾಗಿ. ಅವರು ಅದನ್ನ ಕುದಿಯೋ ನೀರಲ್ಲಿ ತಿರುವಿ ಢಿಂಡೋ ಅಂತ ಮಾಡ್ತಾರೆ. ಹೆಸರೇ ಬೇರೆ, ಊಟ ನಮ್ಮದೇ. ಅಂಗಡಿಯಣ್ಣ ಒಂದು ತುತ್ತು ಕೊಟ್ಟ. ಅದನ್ನ ನಾನು ಮರೆಯೋದಿಲ್ಲ.

ಅಲ್ಲಿನ ಹಿಟ್ಟು ಸ್ವಲ್ಪ ತರಿ, ಜರಡಿ ಹಿಡೀರಿ. ಮುದ್ದೆ ಕೋಲಿಗೆ ನೂರು ಯೆನ್ ಅಂಗಡಿಯಲ್ಲಿ ಸುರಿಕೋಗಿ ಅಂತ ಕೇಳಿ, ಎಳ್ಳು ಅರೆಯೋ ಮರದ ಗುಂಡು ಅದು, ಕೈಗೆ ಚೆನ್ನಾಗಿ ಕೂರುತ್ತೆ. ಒಬ್ಬರಿಗೆ ಒಂದು ಲೋಟ ನೀರು, ಒಂದು ಚಮಚ ಹಿಟ್ಟನ್ನ ತಣ್ಣೀರಲ್ಲಿ ಕದಡಿ ಮೊದಲು ಹಾಕಿ, ಕುದಿ ಬಂದ ಮೇಲೆ ಒಂದು ಲೋಟ ಹಿಟ್ಟು ನಡುವೆ ಗುಡ್ಡೆ ಸುರಿದು ಉರಿ ಇಳಿಸಿ ಐದು ನಿಮಿಷ ಬಿಡಿ. ತಿರುವುವಾಗ ಪಾತ್ರೆಯನ್ನ ಒಲೆಯಿಂದ ಇಳಿಸಿ, ಕೆಳಗೆ ಒದ್ದೆ ಬಟ್ಟೆ ಹಾಕಿ, ಕಾಲಲ್ಲಿ ಒತ್ತಿ ಹಿಡಿದುಕೊಳ್ಳಿ. ಗಾಜಿನ ಮೇಲ್ಮೈಯ ಕರೆಂಟ್ ಒಲೆಯ ಮೇಲೇ ತಿರುವಿದರೆ ಗಾಜು ಬಿರುಕು ಬಿಡಬಹುದು.

ಅದೇ ಅಂಗಡಿಯಲ್ಲಿ ರಹರ್ ಅಂದರೆ ತೊಗರಿಬೇಳೆ, ಗಹತ್ ಅಂದರೆ ಹುರುಳಿ. ಹಮಾಮಾತ್ಸುವಿನಲ್ಲಿ ಬ್ರೆಜಿಲ್‌ನವರು ತುಂಬ ಇದ್ದಾರೆ, ಅವರ ಅಂಗಡಿಗಳೂ ಇವೆ. ಅಲ್ಲಿ ಫ್ರಾಜಿನ್ಯೊ ಅಂತ ಕೇಳಿದರೆ ಅಲಸಂದೆ ಕಾಳು ಕೊಡ್ತಾರೆ. ಹೀಗೆ ಮೂರು ದೇಶದವರ ಹೆಸರುಗಳನ್ನ ಕಲಿತ ಮೇಲೆ ನಮ್ಮ ಮನೆಯ ಉಪ್ಸಾರು, ಹುರುಳಿಸಾರು ಎರಡೂ ಅಲ್ಲಿ ಕುದ್ದವು.

ಮೊಸರು ಕೊಳ್ಳುವಾಗ ಮುತೋ ಅನ್ನೋ ಮಾತು ನೆನಪಿಡಿ, ಸಕ್ಕರೆ ಹಾಕಿಲ್ಲ ಅಂತ ಅರ್ಥ. ಅದಿಲ್ಲದ ಡಬ್ಬ ಹೆಚ್ಚಿನವು ಸಿಹಿ. ಒಂದು ಸಲ ಮುತೋ ತಂದರೆ ಅದನ್ನೇ ಹೆಪ್ಪಿಗೆ ಉಪಯೋಗಿಸಬಹುದು. ಹಾಲಿನ ಡಬ್ಬದ ಮೇಲೆ ಗ್ಯೂನ್ಯೂ ಅಂತಿದ್ದರೆ ಅದು ಬರೀ ಹಸುವಿನ ಹಾಲು. ನ್ಯೂ ಇನ್ರ್ಯೋ ಅಂತಿದ್ದರೆ ಬೇರೆ ಏನೇನೋ ಸೇರಿಸಿದ ಪಾನೀಯ, ಮೊಸರಿಗೆ ಬೇಡ. ಅಲ್ಲಿನ ಹಾಲನ್ನ ಹೆಚ್ಚಾಗಿ 120–130 ಡಿಗ್ರಿಯಲ್ಲಿ ಎರಡು ಮೂರು ಸೆಕೆಂಡು ಕಾಯಿಸಿಯೇ ತುಂಬಿರ್ತಾರೆ, ನಮ್ಮ ಹಾಗೆ ಉಕ್ಕಿಸುವ ಅಗತ್ಯವಿಲ್ಲ, ಬೆರಳು ತಡೆಯುವಷ್ಟು ಬೆಚ್ಚಗಾದರೆ ಸಾಕು. ಚಳಿಗಾಲದಲ್ಲಿ ರೂಮು ಕೊರೆಯುತ್ತೆ, ರಾತ್ರಿಯೆಲ್ಲಾ ಇಟ್ಟರೂ ಹೆಪ್ಪಾಗಲ್ಲ. ಅನ್ನ ಮಾಡಿ ಖಾಲಿಯಾದ ಕುಕ್ಕರಿನ ಸ್ವಿಚ್ ಆರಿಸಿ, ಕೈಗೆ ಉಗುರುಬೆಚ್ಚಗೆ ಅನ್ನಿಸುವಷ್ಟು ತಣಿದ ಮೇಲೆ ಮೊಸರಿನ ಪಾತ್ರೆ ಒಳಗಿಟ್ಟು, ಮೇಲೆ ಹೊದಿಕೆ ಸುತ್ತಿ. ಅನ್ನ ಆರದ ಹಾಗೆ ಬಿಸಿಯಾಗಿಡುವ ಗುಂಡಿ ಒತ್ತಬೇಡಿ, ಆ ಬಿಸಿಗೆ ಹೆಪ್ಪು ಸಾಯುತ್ತೆ.

ಮಾಂಸ ಮುಟ್ಟದವರು ಇದನ್ನ ಗಮನವಿಟ್ಟು ಓದಿ. ನನ್ನ ಜೊತೆ ರೂಮಿನಲ್ಲಿದ್ದ ತಿಪಟೂರಿನ ಗೆಳೆಯ ಮೊಟ್ಟೆಯನ್ನೂ ತಿನ್ನದವನು. "ನಿಕು ಇಲ್ಲ ತಾನೇ?" ಅಂತ ಕೇಳಿಯೇ ಕ್ಯಾಂಟೀನಿನ ಮಿಸೋ ಸೂಪು ಹತ್ತು ದಿನ ಕುಡಿದ (ಮಿಸೋ ಅಂದರೆ ಸೋಯಾ ಕಾಳು ಹುದುಗಿಸಿ ಅರೆದದ್ದು). ಅಡುಗೆಯಮ್ಮ ಇಲ್ಲ ಅಂದಿದ್ದು ಸುಳ್ಳಲ್ಲ: ನಿಕು ಅಂದರೆ ಮಾಂಸ, ಮೀನು ಅದರಲ್ಲಿ ಬರಲ್ಲ. ಆ ಸೂಪಿನ ನೀರೇ ಒಣಮೀನಿನ ಚೂರುಗಳನ್ನ ಕುದಿಸಿ ಸೋಸಿದ್ದು, ಅದಕ್ಕೆ ದಾಶಿ ಅಂತಾರೆ. ಗೊತ್ತಾದ ದಿನ ಅವನು ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ. ನಿಕು, ಸಾಕಾನಾ, ದಾಶಿ, ತಮಾಗೋ, ಅಂದರೆ ಮಾಂಸ, ಮೀನು, ಮೀನಿನ ಕಟ್ಟು, ಮೊಟ್ಟೆ, ನಾಲ್ಕನ್ನೂ ಒಂದೊಂದಾಗಿ ಕೇಳಬೇಕು. "ದಾಶಿ ಮೋ ದಮೆ ದೆಸು" ಅಂದರೆ ದಾಶಿಯೂ ಆಗಲ್ಲ ಅಂತ. ಮನೆಯಲ್ಲಿ ಮಾಡಿಕೊಳ್ಳೋದಾದರೆ ಕೊಂಬು ಅನ್ನೋ ಸಮುದ್ರದ ಸಸ್ಯವನ್ನ ನೆನೆಸಿದ ನೀರು ಸಾಕು, ಮಿಸೋ ಡಬ್ಬದ ಮೇಲೆ ದಾಶಿ-ಇರಿ ಅಂತ ಬರೆದಿರಬಾರದು. ಗೆಳೆಯ ಕೊನೆಗೆ ಆ ಕೊಂಬು ನೀರನ್ನ ನಮ್ಮ ಬೇಳೆಕಟ್ಟಿನ ಜೊತೆ ಬೆರೆಸಿ ತಿಳಿಸಾರು ಮಾಡುತ್ತಿದ್ದ, ಬಹಳ ರುಚಿ.

ಕರಿ ಅಂತ ಬೋರ್ಡ್ ಕಂಡರೆ ಆಸೆಯಾಗುತ್ತೆ. ಅದು ಮೇಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಬ್ರಿಟಿಷರ ಮೂಲಕ ಅಲ್ಲಿಗೆ ಹೋದ ಕರಿ, ಗೋಧಿಹಿಟ್ಟು ಹುರಿದು ಗಟ್ಟಿ ಮಾಡಿದ್ದು, ಸಿಹಿ ಹೆಚ್ಚು. ಅದನ್ನ ಸಾರಿನ ಜಾಗದಲ್ಲಿ ಇಟ್ಟು ನೋಡಬೇಡಿ, ಬೇರೆಯದೇ ಊಟ ಅಂತ ಕೂತರೆ ಆ ಅಂಟು ಅನ್ನಕ್ಕೆ ಚೆನ್ನಾಗಿ ಹೊಂದುತ್ತೆ. ನೀರಲ್ಲಿ ಕರಗಿಸಿ ಕುದಿಸೋಕೆ ಅಂಗಡಿಯಲ್ಲಿ ಸಿಗುವ ಕರಿ ಗಟ್ಟಿಗಳಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರೋದು ಸಾಮಾನ್ಯ, ಫೋನಿನ ಕ್ಯಾಮೆರಾದಲ್ಲಿ ಚೀಟಿಯನ್ನ ಅನುವಾದ ಮಾಡಿಸಿ ನೋಡಿ. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಹೋದ ಸ್ವಾತಂತ್ರ್ಯ ಹೋರಾಟಗಾರ ರಾಸ್‌ಬಿಹಾರಿ ಬೋಸರಿಗೆ ಟೋಕಿಯೊದ ನಾಕಾಮುರಾಯಾ ಬೇಕರಿಯ ಮನೆಯವರು ಆಶ್ರಯ ಕೊಟ್ಟರು, ಆ ಮನೆಯ ಮಗಳನ್ನೇ ಬೋಸರು ಮದುವೆಯಾದರು. 1927ರಲ್ಲಿ ಅಲ್ಲಿ ನಮ್ಮ ದೇಶದ ರೀತಿಯ ಕರಿ ಬಡಿಸಲು ಶುರುಮಾಡಿದರು, ಈಗಲೂ ಬಡಿಸ್ತಾರೆ. ಟೋಕಿಯೊಗೆ ಹೋದಾಗ ನಾನು ಅಲ್ಲಿ ಊಟ ಮಾಡಿದೆ. ದೇಶ ಬಿಟ್ಟು ಹೋದ ಅಷ್ಟು ದೊಡ್ಡ ಮನುಷ್ಯರಿಗೂ ಊಟ ನೆನಪಾಗಿತ್ತಲ್ಲ ಅಂತ ಸಮಾಧಾನವಾಯಿತು.

ಬ್ರೆಡ್ಡು ಸಿಹಿ, ದಪ್ಪ. ಟೀ ಅಂದರೆ ಸಕ್ಕರೆ ಹಾಲು ಇಲ್ಲದ ಹಸಿರು ಟೀ. ಎರಡೂ ತಿಂಗಳಲ್ಲಿ ಅಭ್ಯಾಸವಾಗುತ್ತೆ.

ಹಬ್ಬದ ದಿನ ಮಾತ್ರ ಮೊದಲೇ ಯೋಚಿಸಿ ಇಟ್ಟುಕೊಳ್ಳಿ, ಒಬ್ಬರೇ ಇದ್ದರೆ ಅವತ್ತು ತುಂಬ ಕಷ್ಟ. ಅಲ್ಲಿನ ಅನ್‌ಪಾನ್ ಅನ್ನೋ ಬನ್ನಿನೊಳಗೆ ಕೆಂಪು ಅಜುಕಿ ಕಾಳಿನ ಸಿಹಿ ಹೂರಣ ಇರುತ್ತೆ. ಮೊದಲ ಸಲ ಕಚ್ಚಿದಾಗಲೇ ಹೋಳಿಗೆ ನೆನಪಾಯಿತು. ಆ ಹೂರಣ ಪೊಟ್ಟಣದಲ್ಲೂ ಸಿಗುತ್ತೆ. ಯುಗಾದಿಗೆ ಅದನ್ನ ಬಾಣಲೆಯಲ್ಲಿ ನೀರಾರುವವರೆಗೆ ಮಗುಚಿ, ಏಲಕ್ಕಿ ಹಾಕಿ, ಮೈದಾ ಕಣಕದಲ್ಲಿ ತುಂಬಿ ತಟ್ಟಿದೆವು. ಬೆಲ್ಲಕ್ಕೆ ಜಪಾನಿನ ದಕ್ಷಿಣದ ಒಕಿನಾವಾ ದ್ವೀಪದ ಕೊಕುತೋ ಇದೆ, ಕಬ್ಬಿನ ಹಾಲು ಕಾಯಿಸಿ ಮಾಡಿದ್ದು, ನಮ್ಮ ಬೆಲ್ಲದ್ದೇ ಗಮ. ಬೇವು ಸಿಗಲಿಲ್ಲ. ಒಕಿನಾವಾದ್ದೇ ಹಾಗಲಕಾಯಿಯ ಒಂದೊಂದು ಚೂರನ್ನ ಕೊಕುತೋ ಜೊತೆ ಹಂಚಿಕೊಂಡೆವು. ಹೊರಗೆ ಸಕುರಾ, ಅಂದರೆ ಅಲ್ಲಿನ ಚೆರ್ರಿ ಹೂವು, ಆಗ ತಾನೇ ಅರಳಿತ್ತು.

ಹೊರಡುವಾಗ ಹಸಿ ಕರಿಬೇವು, ಹಸಿಮೆಣಸು, ಹಣ್ಣು ಕಟ್ಟಿಕೊಳ್ಳಬೇಡಿ, ತಪಾಸಣೆ ಪತ್ರವಿಲ್ಲದೆ ಅವನ್ನ ಒಳಗೆ ಬಿಡಲ್ಲ. ಮಾಂಸ ಹಾಕಿದ್ದು ಏನೂ ಬೇಡ. ಮನೆಯ ಸಾರಿನ ಪುಡಿ, ಇಂಗು, ಸಾಸಿವೆ ಡಬ್ಬಿಗೆ ಬ್ಯಾಗಿನಲ್ಲಿ ಜಾಗ ಇಡಿ. ಹೊರಡುವ ಹಿಂದಿನ ವಾರ ಅಡುಗೆಮನೆಯಲ್ಲಿ ಅಮ್ಮನ ಪಕ್ಕ ತಕ್ಕಡಿ ಇಟ್ಟುಕೊಂಡು ನಿಂತು, ಅವರು ಹಾಕುವ ಪ್ರತಿಯೊಂದು ಹಿಡಿಯನ್ನೂ ತೂಗಿ ಬರೆದುಕೊಳ್ಳಿ. ನಾನು ರಜೆಗೆ ಬಂದಾಗ ಇದನ್ನ ಮಾಡಿದೆ. ಅಮ್ಮನ ಒಂದು ಹಿಡಿ ತೊಗರಿಬೇಳೆ 45 ಗ್ರಾಂ, ನನ್ನ ಹಿಡಿ 70 ಗ್ರಾಂ. ಒಂದು ವರ್ಷ ಸಾರು ಗಟ್ಟಿಯಾಗುತ್ತಿದ್ದುದು ಅದಕ್ಕೆ.